ಮೆದುಮರ

ಮೇಟಗಳ್ಳಿಯ ಕಾರ್ಖಾನೆಗಳ ಹಿಂಬಾಗಿಲಲ್ಲಿ
ಯಂತ್ರ ಇಳಿಸಿ ಉಳಿದ ಪೆಟ್ಟಿಗೆ, ಪ್ಯಾಲೆಟ್ಟು
ತೂಕದ ಲೆಕ್ಕಕ್ಕೆ ಸಿಗುತ್ತವೆ.
ಮೈಮೇಲೆ ನಾನು ಓದಲಾರದ ಯಾವುದೋ ಊರಿನ ಮುದ್ರೆ.
ಮೊಳೆ ಕಿತ್ತು ಪಟ್ಟಿ ಬಿಡಿಸಿ ಒಮ್ಮೆ ಹೆರೆದರೆ
ಒಳಗೆ ಬೆಣ್ಣೆ ಬಣ್ಣದ ಪೈನು.

ನಮ್ಮಪ್ಪ ಇದನ್ನು ಮರ ಅನ್ನುತ್ತಿರಲಿಲ್ಲ.
ಮಂಡಿ ಮೊಹಲ್ಲಾದಲ್ಲಿ ಜಬೀವುಲ್ಲಾ ಸಾಹೇಬರ ಕೈಕೆಳಗೆ
ಬೀಟೆಯ ಹಲಗೆಯೊಳಗೆ ಆನೆ ಕೂರಿಸಿದ ಕೈ ಅದು.
"ಉಗುರು ಇಳಿದರೆ ಅದು ಮರವಲ್ಲ, ಸೌತೆಕಾಯಿ" ಎಂದು
ಎದ್ದು ಹೋಗಿ ಬೀಡಿ ಹಚ್ಚುತ್ತಿದ್ದ.

ಉಗುರು ಇಳಿಯುತ್ತದೆ, ನಿಜ.
ನೋಡು ಮಾದೇಶ, ಬೆರಳಿಟ್ಟು ನೋಡು.
ಈ ಅಗಲದ ಬಿಳಿ ಗೆರೆ ಅವಸರದಲ್ಲಿ ಬೆಳೆದದ್ದು,
ಪಕ್ಕದ ಸಣ್ಣ ಕೆಂಪು ಗೆರೆ ತಡೆದು ತಡೆದು.
ಹಿಮ ಬೀಳುವ ನಾಡಿನ ಒಂದೊಂದು ವರ್ಷ
ಹೀಗೆ ಜೋಡಿ ಜೋಡಿ.
ಉಜ್ಜುಕಾಗದ ಒತ್ತಿ ಹಿಡಿದರೆ ಬಿಳಿ ಸವೆದು ಕೆಂಪು ನಿಂತು
ಹಲಗೆ ಉತ್ತ ಹೊಲವಾಗುತ್ತೆ. ಕೈ ಹಗುರ ಇರಲಿ.
ತುದಿಯಲ್ಲಿ ಮೊಳೆ ಬೇಡ, ಸೀಳುತ್ತೆ;
ಹೊಡೆಯಲೇಬೇಕಾದರೆ ಮೊನೆಯನ್ನು ಮೊದಲು ಮೊಂಡು ಮಾಡಿಕೋ.
ಗಂಟು ಕಂಡಲ್ಲಿ ಅರಗಿನ ಪಾಲಿಶು, ಎರಡು ಸಲ.
ಇಲ್ಲದಿದ್ದರೆ ಬೇಸಿಗೆಯಲ್ಲಿ ಬಣ್ಣದಡಿಯಿಂದ ರಾಳ ಬೆವರುತ್ತೆ,
ಎಂದೋ ಅಲ್ಲೊಂದು ಕೊಂಬೆ ಇತ್ತಲ್ಲ.
ತೇಗದ ಬಣ್ಣ ಬಳಿದು ತೇಗ ಅನ್ನಿಸಬೇಡ,
ಮಚ್ಚೆ ಮಚ್ಚೆಯಾಗಿ ಕುಡಿದು ಮಾನ ಕಳೆಯುತ್ತೆ.
ನೆಲದ ತೇವಕ್ಕೆ ನಿಲ್ಲಿಸಬೇಡ, ಗೆದ್ದಲಿಗೆ ಇದು ಹೋಳಿಗೆ ಊಟ.
ಆದರೆ ಮೂರನೇ ಮಹಡಿಯ ಬಾಡಿಗೆ ಮನೆಗೆ
ಮಂಚ ಹೊತ್ತು ಹತ್ತುವಾಗ
ಬೀಟೆಯನ್ನು ಯಾರೂ ಹೊಗಳುವುದಿಲ್ಲ.

ಮೊನ್ನೆ ದೊಡ್ಡಾಸ್ಪತ್ರೆಯ ರಾತ್ರಿ ಪಾಳಿ ಮುಗಿಸಿ
ಲೂರ್ದ್‌ಮೇರಿ ಸಿಸ್ಟರು ಬಂದರು,
ಆಟೋದಲ್ಲಿ ಅಡ್ಡಡ್ಡ ತೂರಿಸಿಕೊಂಡ ಮೇಜು.
ಏಳು ವರ್ಷದ ಹಿಂದೆ, ಮಗಳು ಮೂರನೇ ಕ್ಲಾಸಲ್ಲಿದ್ದಾಗ
ನಾನೇ ಮಾಡಿಕೊಟ್ಟದ್ದು. ಬೆಣ್ಣೆ ಹೋಗಿ ಜೇನಾಗಿತ್ತು.
"ಚಿಕ್ಕವನಿಗೆ ಬೇಕು. ಮೇಲೆಲ್ಲ ಸಾಫ್ ಮಾಡಿಕೊಡಿ."

ಹಳೆ ಪಾಲಿಶು ಕೆರೆದು ಒರೆಸಿಟ್ಟೆ.
ಸಂಜೆ ಷಟರಿನ ಕೆಳಗಿಂದ ಓರೆ ಬಿಸಿಲು ನುಗ್ಗಿ
ಹಲಗೆಯ ಮೇಲೆ ಅಕ್ಷರ ಎದ್ದವು,
ಕಾಗದದಡಿಗೆ ಪೆನ್ನು ಒತ್ತಿದ್ದು, ಒಂದರ ಮೇಲೊಂದು:
ಹದಿಮೂರರ ಮಗ್ಗಿ, ಎಂಟರ ಹತ್ತಿರ ತಪ್ಪಿದ್ದು.
ಹಾಲು. ಗ್ಯಾಸು. ಚೀಟಿ ಎರಡು ಸಾವಿರ.
ಮೇಜಿನ ಬಾಕಿ ಆರುನೂರು.
ಇನ್ನೊಂದು ತಿಂಗಳ ಪಟ್ಟಿಯಲ್ಲೂ
ಮೇಜಿನ ಬಾಕಿ ಆರುನೂರು.
ಮತ್ತೊಂದರಲ್ಲಿ, ಇನ್ನೂ ಆಳಕ್ಕೆ.
ನನಗೆ ಮರೆತೇ ಹೋಗಿತ್ತು. ಕೊಟ್ಟರೋ ಇಲ್ಲವೋ
ಇವತ್ತಿಗೂ ನೆನಪಿಲ್ಲ.
ಬೀಟೆಯಾಗಿದ್ದರೆ ಒಂದಕ್ಷರವೂ ಹಿಡಿಯುತ್ತಿರಲಿಲ್ಲ.

ಮಾದೇಶ ಉಜ್ಜುಗೊರಡು ತಂದ.
ಬೇಡ, ಅಂದೆ. ಚೆಲುವಮ್ಮನ ಹತ್ತಿರ
ಇದ್ದಿಲ ಇಸ್ತ್ರಿಪೆಟ್ಟಿಗೆ ಇಸ್ಕೊಂಡು ಬಾ.
ಒದ್ದೆ ಬಟ್ಟೆ ಹಾಸಿ ಮೇಲೆ ಬಿಸಿ ಇಟ್ಟರೆ
ಮಲಗಿದ ನಾರು ಹಬೆ ಕುಡಿದು ಮೆಲ್ಲಗೆ ಏಳುತ್ತದೆ,
ಗಟ್ಟಿಮರಕ್ಕೆ ಇಷ್ಟು ಬೇಗ ಮನಸ್ಸು ಬಾರದು.
ಹಾಲು ಹೋಯಿತು. ಗ್ಯಾಸು ಹೋಯಿತು.
ಆರುನೂರು ಮೂರು ಸಲ ಹೋಯಿತು.
ಅಂಗಡಿ ತುಂಬ ಕಾಣದ ಕಾಡಿನ ವಾಸನೆ,
ಕರ್ಪೂರಕ್ಕೆ ನಿಂಬೆ ಹಿಂಡಿದ ಹಾಗೆ.

ಮೂಲೆಯಲ್ಲೊಂದು ಉಳಿಯಿತು:
ಕೈವಾರದ ಮೊನೆಯಲ್ಲಿ ಕೊರೆದ ಹೆಸರು, ಸೆಲಿನ್.
ಎಷ್ಟು ಬಿಸಿ ಇಟ್ಟರೂ ಕದಲಲಿಲ್ಲ.
ಒತ್ತಿದ್ದು ಏಳುತ್ತೆ ಮಾದೇಶ, ಕೊಯ್ದದ್ದು ಏಳಲ್ಲ.
"ಹಾಗಾದರೆ ಅದೊಂದನ್ನು ಹೆರೀಲಾ?"
ಮೇಣ ತಿಕ್ಕಿ ಬಿಡು.
ತಮ್ಮನಿಗೆ ಗೊತ್ತಿರಲಿ ಯಾರ ಮೇಜು ಅಂತ.

ಎಷ್ಟಾಯಿತು ಅಂದರು ಸಿಸ್ಟರು. ಇನ್ನೂರು, ಅಂದೆ.
ಪರ್ಸಿನೊಳಗೆ ಕೈ ತಡೆಯಿತು. "ಹಳೇದೇನಾದರೂ ಉಳಿದಿದೆಯಾ?"
ಹೆಸರೊಂದು ಉಳಿದಿದೆ, ಅಂದೆ.
ಅವರು ಮೇಜಿನ ಅಂಚಿಗೆ ಉಗುರು ಒತ್ತಿ ನೋಡಿ
"ಚಿಕ್ಕವನ ಕೈ ಬಲು ಒರಟು" ಅಂದರು.